ಅರ್ಧಕ್ಕೆ ನಿಂತ ಕೆಂಪು ದಾರ



ಬೂದಿ ಬುಧವಾರದ ಬಲಿಪೂಜೆಯಲ್ಲಿ 51ನೇ ಕೀರ್ತನೆಯ ಪಶ್ಚಾತ್ತಾಪದ ಮೊರೆಯೊಡನೆ ನಾವು ತಪಸ್ಸು ಕಾಲಕ್ಕೆ ಕಾಲಿಡುತ್ತೇವೆ. ಅಂಥದೇ ಮೊರೆಯೊಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದು ಶಾಯಿಯಲ್ಲಿ ಬರೆದದ್ದಲ್ಲ. ಸೂಜಿ ದಾರಗಳಿಂದ ಹೊಲಿದದ್ದು.

ಹಿಂದೆ ಇಂಗ್ಲೆಂಡಿನಲ್ಲಿ ಹೊಲಿಗೆ ಕಲಿಯುವ ಹುಡುಗಿಯರು ಒಂದು ಬಟ್ಟೆಯ ಮೇಲೆ ಅಕ್ಷರ, ಅಂಕಿ, ಹೂಬಳ್ಳಿ, ಬೈಬಲಿನ ವಚನಗಳನ್ನು ಹೊಲಿದು ಅಭ್ಯಾಸ ಮಾಡುತ್ತಿದ್ದರು. ಅದಕ್ಕೆ ಸ್ಯಾಂಪ್ಲರ್ ಎಂದು ಹೆಸರು. ಸಿರಿವಂತರ ಮನೆಯ ಹಾಸುಹೊದಿಕೆಗಳಿಗೆ ದಾರದಿಂದ ಗುರುತಿನ ಅಕ್ಷರ ಹಾಕಲು ಈ ಕಲಿಕೆ ಬೇಕಾಗುತ್ತಿತ್ತು. ಬಡ ಹುಡುಗಿಗೆ ಇದೇ ಅನ್ನದ ದಾರಿ.

ಎಲಿಜಬೆತ್ ಪಾರ್ಕರ್ ಅಂಥ ಒಬ್ಬ ಹುಡುಗಿ. 1813ರಲ್ಲಿ ಸಸೆಕ್ಸ್ ಪ್ರಾಂತ್ಯದ ಆಶ್‌ಬರ್ನ್‌ಹ್ಯಾಮ್‌ನಲ್ಲಿ ಹುಟ್ಟಿದಳು. ತಂದೆ ಕೂಲಿಯಾಳು, ತಾಯಿ ಧರ್ಮಶಾಲೆಯ ಶಿಕ್ಷಕಿ. ಹದಿಮೂರರ ಪ್ರಾಯದಲ್ಲೇ ಮನೆಗೆಲಸಕ್ಕೆ ಹೋದಳು. ಮುಂದೆ ಒಂದು ಮನೆಯಲ್ಲಿ ಯಜಮಾನನು ಅವಳ ಮೇಲೆ ಕೆಟ್ಟ ಕಣ್ಣು ಹಾಕಿದ. ಒಪ್ಪದಿದ್ದುದಕ್ಕೆ ಅವಳನ್ನು ಮಹಡಿ ಮೆಟ್ಟಿಲುಗಳಿಂದ ಕೆಳಕ್ಕೆ ತಳ್ಳಲಾಯಿತು. ಆ ಮನೆ ಬಿಟ್ಟು ಬಂದರೂ ನಡೆದದ್ದನ್ನು ತನ್ನವರಿಗೆ ಹೇಳಲಿಲ್ಲ. ಒಳಗೊಳಗೇ ಕೊರಗಿ, ಪ್ರಾಣ ಕಳೆದುಕೊಳ್ಳುವ ಯೋಚನೆಗೂ ಬಿದ್ದಳು.

1830ರ ಸುಮಾರಿಗೆ ಅವಳು ಲಿನನ್ ಬಟ್ಟೆಯ ಮೇಲೆ ಕೆಂಪು ರೇಷ್ಮೆ ದಾರದಿಂದ ಇದೆಲ್ಲವನ್ನೂ ಹೊಲಿದಳು. ತನಗೆ ಬರೆಯಲು ಬಾರದೆಂದು ಹೇಳಿಯೇ ಆರಂಭಿಸುತ್ತಾಳೆ. ಹೂವಿಲ್ಲ, ಅಂಚಿಲ್ಲ. ಪುಟ್ಟ ಪುಟ್ಟ ಅಕ್ಷರಗಳ 46 ಸಾಲುಗಳು ಮಾತ್ರ. ಬಟ್ಟೆಯೇ ಅವಳ ಪಾಪನಿವೇದನೆಯ ಪೀಠವಾಯಿತು. ತಾನು ಒಬ್ಬ ವೈದ್ಯರ ಬಳಿ ಮನಸ್ಸು ಬಿಚ್ಚಿದ್ದನ್ನೂ, ಅವರು ಗದರದೆ ಮೃದುವಾಗಿ ಮಾತನಾಡಿದ್ದನ್ನೂ ಹೇಳುತ್ತಾಳೆ. ಆದರೂ ಭಯ ತೀರದು. ತನ್ನ ಆತ್ಮದ ಗತಿ ಏನಾದೀತೆಂದು ಕೇಳುತ್ತಿರುವಾಗಲೇ ಹೊಲಿಗೆ ನಿಂತುಹೋಗುತ್ತದೆ. ಕೆಳಗೆ ಬಟ್ಟೆ ಖಾಲಿ ಉಳಿದಿದೆ.

ಆದರೆ ಬಾಳು ಅಲ್ಲಿಗೆ ನಿಲ್ಲಲಿಲ್ಲ! ಎಲಿಜಬೆತ್ ತನ್ನೂರಿನಲ್ಲೇ ಶಾಲಾ ಶಿಕ್ಷಕಿಯಾದಳು. ಕೊನೆಯುಸಿರೆಳೆದದ್ದು 1889ರಲ್ಲಿ, 76ರ ಪ್ರಾಯದಲ್ಲಿ. ಅವಳು ಹೊಲಿಯಲಾರದೆ ಬಿಟ್ಟ ಉತ್ತರವನ್ನು ದೇವರು ಅವಳ ಬದುಕಿನಲ್ಲೇ ಹೊಲಿದರು.

ಪ್ರಿಯರೇ, ಒಂದು ಮಾತು ಗಮನಿಸೋಣ. ತಪ್ಪು ಯಜಮಾನನದು, ಅದರ ಭಾರ ಹೊತ್ತವಳು ಹುಡುಗಿ. ನೊಂದವರೇ ತಮ್ಮನ್ನು ಪಾಪಿಗಳೆಂದುಕೊಳ್ಳುವುದು ಇಂದಿಗೂ ತಪ್ಪಿಲ್ಲ. ಪಶ್ಚಾತ್ತಾಪ ಬೇರೆ, ನಿರಾಶೆ ಬೇರೆ. ಪಶ್ಚಾತ್ತಾಪವು ನಮ್ಮನ್ನು ತಂದೆಯ ಮನೆಗೆ ನಡೆಸುತ್ತದೆ; ನಿರಾಶೆ ಆ ಮನೆಯ ಬಾಗಿಲು ಮುಚ್ಚಿದೆಯೆಂದು ಸುಳ್ಳು ಹೇಳುತ್ತದೆ.

ಈ ತಪಸ್ಸು ಕಾಲದಲ್ಲಿ ಉಪವಾಸದ ಜೊತೆಗೆ ಕಿವಿಗೊಡುವ ವ್ರತವನ್ನೂ ಕೈಗೊಳ್ಳೋಣ. ನಮ್ಮ ಮನೆಗೆಲಸಕ್ಕೆ ಬರುವ ಹುಡುಗಿ, ಹಾಸ್ಟೆಲಿನಲ್ಲಿರುವ ಮಗಳು, ಹಠಾತ್ತನೆ ಮೌನವಾದ ನೆರೆಯವಳು ಹೇಳಲು ಬಂದಾಗ ಗದರದೆ, ಅವಸರಪಡಿಸದೆ ಕೇಳೋಣ. ಅವಳ ಮಾತು ಅರ್ಧಕ್ಕೆ ನಿಲ್ಲದಿರಲಿ.