ಬಳೆ ಪೋಣಿಸದ ಹಾಳೆ

ನಮ್ಮೂರು ಕಲ್ಲೋಳಿಯ ಶಾಸನ ಕ್ರಿ.ಶ. 1204ರದ್ದು. ರಟ್ಟರ ನಾಲ್ಕನೇ ಕಾರ್ತವೀರ್ಯನ ಕಾಲದಲ್ಲಿ ಶಾಂತಿನಾಥ ಬಸದಿಗೆ ಭೂಮಿ ಬಿಟ್ಟ ದಾಖಲೆ. ಕಲ್ಲಿನಲ್ಲಿ ಒಂದು ಸಾಲು ತಿದ್ದಿದರೂ ಕಣ್ಣಿಗೆ ಬೀಳುತ್ತೆ. ತಾಮ್ರಪಟದಲ್ಲಿ ಹಾಳೆಯನ್ನೇ ಬದಲಿಸಬಹುದಲ್ಲ? ಅದಕ್ಕೇ ಎಲ್ಲ ಹಾಳೆಗೂ ತೂತು ಕೊರೆದು ಬಳೆ ಪೋಣಿಸಿ, ಬಳೆಯ ಬೆಸುಗೆ ಮೇಲೆ ರಾಜಮುದ್ರೆ.

ನಮ್ಮಜ್ಜನ ಕಾಗದಕ್ಕೆ ಬಳೆ ಇರಲಿಲ್ಲ. ಹೆಬ್ಬೆಟ್ಟು ಕೊನೇ ಹಾಳೆಗೆ ಮಾತ್ರ. ಮೊದಲನೇದು ಯಾವಾಗ ಬದಲಾಯಿತೋ, ಎರಡೆಕರೆ ಹೋಯಿತು. "ಹೆಬ್ಬಟ್ಟ ಒತ್ತಿದಾಂವ ನಾನ, ಖರೆ ಈ ಹಾಳಿಗಲ್ಲೋ ತಮ್ಮಾ" ಅಂತಿದ್ದ.

2002ರ ಫೆಬ್ರವರಿಯಲ್ಲಿ ಬಂದ ಎಕ್ಸ್‌ಎಂಎಲ್ ಸಿಗ್ನೇಚರ್ ಮಾನದಂಡದಲ್ಲಿ ಇಡೀ ಕಡತ ಬಿಟ್ಟು ಬೇಕಾದ ಭಾಗಕ್ಕಷ್ಟೇ ಸಹಿ ಹಾಕಬಹುದು. ಹತ್ತು ಟೇಬಲ್ ದಾಟುವ ಅರ್ಜಿಗೆ ಇದು ವರ. ಆ ಭಾಗಕ್ಕೊಂದು ಐಡಿ, ಅದನ್ನು ತೋರಿಸುವ ರೆಫರೆನ್ಸ್, ಅದರೊಳಗೆ ಆ ಭಾಗದ ಹ್ಯಾಶ್. ಇಂಥ ರೆಫರೆನ್ಸ್‌ಗಳೆಲ್ಲ ಸೇರಿದ 'ಸೈನ್ಡ್‌ಇನ್ಫೋ' ಮೇಲೆ ಖಾಸಗಿ ಕೀಲಿಯ ಸಹಿ. ರೆಫರೆನ್ಸ್ ಅಂದ್ರೆ ಬಳೆ ಹೋಗುವ ತೂತು. ತೂತಿಲ್ಲದ ಭಾಗವನ್ನು ಯಾರು ತಿದ್ದಿದರೂ ಸಹಿಗೆ ಗೊತ್ತಾಗಲ್ಲ.

ನನ್ನ ಮೊದಲ ಕೋಡ್‌ನಲ್ಲಿ ಹೆಸರಿಗೆ ರೆಫರೆನ್ಸ್ ಕೊಟ್ಟಿದ್ದೆ, ಮೊತ್ತಕ್ಕೆ ಮರೆತಿದ್ದೆ. ಟೆಸ್ಟರ್ ಗೆಳತಿ ಮೊತ್ತಕ್ಕೊಂದು ಸೊನ್ನೆ ಸೇರಿಸಿದಳು. ಪರದೆ ಮೇಲೆ ಹಸಿರು ಅಕ್ಷರ: ಸಹಿ ಸರಿಯಿದೆ.

ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಆ ಎರಡೆಕರೆಯ ಸರ್ವೇ ನಂಬರ್ ಕೇಳಿದೆ.