ಇಚ್ಛೆ ಮತ್ತು ಚಲನೆ: ಮೀಡಿಯಾ ಪ್ಲೇಯರಿನ ಸ್ಥಿತಿಯನ್ನು ಕೋಡ್‌ನಲ್ಲಿ ಅರಿಯುವ ಬಗೆ

ಎಚ್‌ಟಿಎಂಎಲ್‌ನ ವಿಡಿಯೊ ಎಲಿಮೆಂಟಿನಲ್ಲಿ ‘ಪಾಝ್ಡ್’ ಎಂಬ ಪ್ರಾಪರ್ಟಿ ಇದೆ, ‘ಎಂಡೆಡ್’ ಇದೆ, ‘ಸೀಕಿಂಗ್’ ಇದೆ. ‘ಪ್ಲೇಯಿಂಗ್’ ಮಾತ್ರ ಈವೆಂಟ್ ಆಗಿ ಇದೆಯೇ ಹೊರತು ಪ್ರಾಪರ್ಟಿಯಾಗಿ ಇಲ್ಲ. ಹಾಗಾಗಿ ಪಾಝ್ಡ್ ಸುಳ್ಳಾಗಿದ್ದರೆ ವಿಡಿಯೊ ಓಡುತ್ತಿದೆ ಎಂದೇ ಅನೇಕರು ಕೋಡ್ ಬರೆಯುತ್ತಾರೆ. ಆ ತೀರ್ಮಾನಕ್ಕೆ ಆಧಾರ ಸಾಲದು. ಪಾಝ್ಡ್ ತಿಳಿಸುವುದು ಓಡಿಸಬೇಕೆಂಬ ಇಚ್ಛೆ ಇದೆಯೇ ಎಂಬುದನ್ನಷ್ಟೆ. ಚಿತ್ರ ನಿಜಕ್ಕೂ ಓಡುತ್ತಿದೆಯೇ ಎಂಬುದು ಬೇರೆ ಪ್ರಶ್ನೆ. ಇವೆರಡನ್ನೂ ಕೋಡ್ ಪ್ರತ್ಯೇಕವಾಗಿಯೇ ಕೇಳಬೇಕೆಂಬುದು ಈ ಲೇಖನದ ವಾದ.

ನಿಧಾನಗತಿಯ ನೆಟ್‌ವರ್ಕಿನಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡೋಣ. ನೋಡುಗರು ಬಟನ್ ಒತ್ತಿದೊಡನೆ ಪಾಝ್ಡ್ ಸುಳ್ಳಾಗುತ್ತದೆ, ‘ಪ್ಲೇ’ ಈವೆಂಟ್ ಹೊರಡುತ್ತದೆ. ಆದರೆ ‘ರೆಡಿಸ್ಟೇಟ್’ ಇನ್ನೂ 2ರಲ್ಲೇ ಇದ್ದರೆ, ಅಂದರೆ ಈಗಿನ ಫ್ರೇಮ್ ಮಾತ್ರ ಕೈಯಲ್ಲಿದ್ದು ಮುಂದಿನದು ಬಂದಿಲ್ಲವಾದರೆ, ಬೆನ್ನಿಗೇ ‘ವೇಟಿಂಗ್’ ಬರುತ್ತದೆ. ಪರದೆ ಮಾತ್ರ ಅಲುಗಾಡುವುದಿಲ್ಲ. ರೆಡಿಸ್ಟೇಟ್ 3ಕ್ಕೆ ಏರಿದ ಮೇಲಷ್ಟೇ ‘ಪ್ಲೇಯಿಂಗ್’ ಕೇಳಿಬರುತ್ತದೆ. ‘ಪ್ಲೇ’ ಮತ್ತು ‘ಪ್ಲೇಯಿಂಗ್’ಗಳ ನಡುವಿನ ಈ ಅಂತರದಲ್ಲಿ ಇಚ್ಛೆ ಇದೆ, ಚಲನೆ ಇಲ್ಲ. ಆದ್ದರಿಂದ ಪಾಝ್ಡ್ ಸುಳ್ಳು, ಎಂಡೆಡ್ ಸುಳ್ಳು, ರೆಡಿಸ್ಟೇಟ್ ಕನಿಷ್ಠ 3, ಈ ಮೂರೂ ಒಟ್ಟಿಗೆ ಕೂಡಿದರೆ ಮಾತ್ರ ‘ಓಡುತ್ತಿದೆ’ ಎನ್ನಬಹುದು.

‘ಕರೆಂಟ್‌ಟೈಮ್’ ಬದಲಾಗುತ್ತಿದೆಯೇ ಎಂದು ಆಗಾಗ ನೋಡುವ ಉಪಾಯವೂ ಬಳಕೆಯಲ್ಲಿದೆ. ಅದು ಭರವಸೆಗೆ ತಕ್ಕದ್ದಲ್ಲ: ನಿಲ್ಲಿಸಿದ ವಿಡಿಯೊದ ಸ್ಲೈಡರನ್ನು ಎಳೆದರೂ ಆ ಸಂಖ್ಯೆ ಬದಲಾಗುತ್ತದೆ.

ಮೊಬೈಲ್ ಲೈಬ್ರರಿಗಳೂ ಇದೇ ವಿಂಗಡಣೆಗೆ ಬಂದಿರುವುದು ಗಮನಾರ್ಹ. ಐಓಎಸ್‌ನ ಎವಿಪ್ಲೇಯರಿನಲ್ಲಿ ‘ರೇಟ್’ ಸೊನ್ನೆಯಲ್ಲದಿದ್ದರೂ ಪ್ಲೇಯರ್ ಡೇಟಾಕ್ಕಾಗಿ ಕಾಯುತ್ತಿರಬಹುದು. 2016ರ ಐಓಎಸ್ 10ರಲ್ಲಿ ಬಂದ ‘ಟೈಮ್‌ಕಂಟ್ರೋಲ್‌ಸ್ಟೇಟಸ್’ ನಿಂತಿರುವುದು, ಕಾಯುತ್ತಿರುವುದು, ಓಡುತ್ತಿರುವುದು ಎಂಬ ಮೂರು ಸ್ಥಿತಿಗಳನ್ನು ಬೇರ್ಪಡಿಸಿತು. ಆಂಡ್ರಾಯ್ಡಿನ ಎಕ್ಸೋಪ್ಲೇಯರ್ ಇನ್ನೂ ಒಂದು ಹೆಜ್ಜೆ ಮುಂದಿದೆ. ಅದರ ‘ಪ್ಲೇವೆನ್‌ರೆಡಿ’ ಇಚ್ಛೆಯನ್ನು ಹೇಳಿದರೆ, ‘ಪ್ಲೇಬ್ಯಾಕ್‌ಸ್ಟೇಟ್’ ಸಿದ್ಧತೆಯನ್ನು ಹೇಳುತ್ತದೆ. ಇವೆರಡೂ ಸರಿಯಿದ್ದು, ನಡುವೆ ಫೋನ್ ಕರೆ ಬಂದು ಆಡಿಯೊ ಫೋಕಸ್ ತಾತ್ಕಾಲಿಕವಾಗಿ ತಪ್ಪಿದರೆ ಆ ತಡೆಗೂ ಅಲ್ಲಿ ಪ್ರತ್ಯೇಕ ಸ್ಥಾನವಿದೆ. ಮೂರನ್ನೂ ಒರೆಗೆ ಹಚ್ಚಿದ ಮೇಲೆಯೇ ಅದರ ‘ಈಸ್‌ಪ್ಲೇಯಿಂಗ್’ ನಿಜವೆನ್ನುತ್ತದೆ. ನನ್ನ ದೃಷ್ಟಿಯಲ್ಲಿ ಈ ಮೂರು ವಿನ್ಯಾಸಗಳಲ್ಲಿ ಹೆಚ್ಚು ಸ್ಪಷ್ಟವಾದದ್ದು ಇದೇ.

ಬ್ರೌಸರಿನಲ್ಲಿ ಇಚ್ಛೆಗೇ ತಡೆ ಬೀಳುವುದೂ ಉಂಟು. ಆಟೋಪ್ಲೇ ನಿಯಮ ಅಡ್ಡಬಂದರೆ ಪ್ಲೇ ಕರೆ ಹಿಂದಿರುಗಿಸುವ ಪ್ರಾಮಿಸ್ ‘ನಾಟ್‌ಅಲೌಡ್‌ಎರರ್’ನೊಂದಿಗೆ ವಿಫಲವಾಗುತ್ತದೆ, ಪಾಝ್ಡ್ ನಿಜವಾಗಿಯೇ ಉಳಿಯುತ್ತದೆ. ಪ್ರಾಮಿಸ್ಸನ್ನು ಕಡೆಗಣಿಸಿ ಬಟನ್ನಿನ ಚಿಹ್ನೆ ಬದಲಿಸುವ ಕೋಡ್, ನಿಂತ ಚಿತ್ರದ ಕೆಳಗೆ ‘ನಿಲ್ಲಿಸು’ ಚಿಹ್ನೆ ತೋರಿಸುತ್ತದೆ.

ಬಟನ್ ಅನುಸರಿಸಬೇಕಾದ್ದು ಇಚ್ಛೆಯನ್ನು, ಅಂದರೆ ಪಾಝ್ಡ್ ಅನ್ನು. ಸುತ್ತುವ ಲೋಡಿಂಗ್ ಚಿಹ್ನೆ ಅನುಸರಿಸಬೇಕಾದ್ದು ಸಿದ್ಧತೆಯನ್ನು. ಆನ್‌ಲೈನ್ ಪಾಠಗಳ ಹಾಜರಿಯಲ್ಲಿ ಈ ಭೇದ ತೀರ ಗಂಭೀರವಾಗುತ್ತದೆ. ಪಾಝ್ಡ್ ನೋಡಿ ಸಮಯ ಎಣಿಸಿದರೆ, ಬಫರಿಂಗಿನಲ್ಲಿ ಕಳೆದ ನಿಮಿಷಗಳೂ ವಿದ್ಯಾರ್ಥಿ ಪಾಠ ಕೇಳಿದ ಲೆಕ್ಕಕ್ಕೆ ಸೇರುತ್ತವೆ. ಎಣಿಕೆ ‘ಪ್ಲೇಯಿಂಗ್’ನಲ್ಲಿ ಶುರುವಾಗಿ ‘ವೇಟಿಂಗ್’, ‘ಪಾಝ್’, ‘ಎಂಡೆಡ್’ಗಳಲ್ಲಿ ನಿಲ್ಲಬೇಕು. ವೇಗವನ್ನು ಇಮ್ಮಡಿಗೊಳಿಸಿ ನೋಡುವವರಿಗೆ ಗಡಿಯಾರದ 1 ನಿಮಿಷದಲ್ಲಿ ಪಾಠದ 2 ನಿಮಿಷ ಸರಿಯುವುದರಿಂದ, ಎಣಿಸುವುದು ಯಾವ ನಿಮಿಷವನ್ನು ಎಂಬುದನ್ನೂ ಕೋಡ್ ಮೊದಲೇ ಗೊತ್ತುಮಾಡಿಕೊಂಡಿರಬೇಕು.