ಉದ್ಯೋಗಿಗಳ ಮುಂಜಾಗ್ರತಾ ಆರೋಗ್ಯ ಕಾರ್ಯಕ್ರಮಗಳು (ಅಮೆರಿಕ)

ಕಾಯಿಲೆ ಉಲ್ಬಣಿಸಿದ ಮೇಲೆ ಚಿಕಿತ್ಸೆಗೆ ಹಣ ಸುರಿಯುವ ಬದಲು ಅದು ಬಾರದಂತೆ ನೋಡಿಕೊಳ್ಳಲು, ಇಲ್ಲವೇ ಬೇಗ ಪತ್ತೆಹಚ್ಚಲು ಉದ್ಯೋಗದಾತರು ಏರ್ಪಡಿಸುವ ಕಾರ್ಯಕ್ರಮಗಳು. ಆರೋಗ್ಯ ತಪಾಸಣೆ, ಲಸಿಕೆ, ಧೂಮಪಾನ ಬಿಡಲು ನೆರವು, ರಕ್ತದೊತ್ತಡ ಹಾಗೂ ಸಕ್ಕರೆ ಕಾಯಿಲೆಯ ನಿಯಂತ್ರಣ ಇವುಗಳ ಮುಖ್ಯ ಅಂಗಗಳು. ದುಡಿಯುವ ವಯಸ್ಸಿನ ಬಹುಪಾಲು ಜನರ ಆರೋಗ್ಯ ವಿಮೆ ನೌಕರಿಯ ಮೂಲಕವೇ ದೊರೆಯುವ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇವು ದೊಡ್ಡ ಉದ್ಯಮವಾಗಿ ಬೆಳೆದವು.

ಹಿನ್ನೆಲೆ

ಕಸುಬಿಗೂ ಕಾಯಿಲೆಗೂ ಇರುವ ನಂಟನ್ನು ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜ್ಜಿನಿ 1700ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ. ರೋಗಿಯ ಕಸುಬು ಯಾವುದೆಂದು ವೈದ್ಯರು ಕೇಳಲೇಬೇಕೆಂಬುದು ಅವನ ಸಲಹೆ. ಅಮೆರಿಕದಲ್ಲಿ 1929ರಲ್ಲಿ ಡಲ್ಲಾಸ್‌ನ ಬೇಲರ್ ಆಸ್ಪತ್ರೆ, ತಿಂಗಳಿಗೆ 50 ಸೆಂಟ್ ಕಟ್ಟಿದ ಶಾಲಾ ಶಿಕ್ಷಕರಿಗೆ ವರ್ಷಕ್ಕೆ 21 ದಿನಗಳವರೆಗೆ ಆಸ್ಪತ್ರೆ ಆರೈಕೆ ಒದಗಿಸುವ ಯೋಜನೆ ಆರಂಭಿಸಿತು. ಇದು ಮುಂಗಡ ಪಾವತಿಯ ದಾರಿ ತೆರೆಯಿತಾದರೂ ರೋಗ ತಡೆಗಟ್ಟುವುದು ಇದರ ಗುರಿಯಾಗಿರಲಿಲ್ಲ.

ಗಾರ್‌ಫೀಲ್ಡ್ ಪ್ರಯೋಗ

1933ರಲ್ಲಿ ಸಿಡ್ನಿ ಗಾರ್‌ಫೀಲ್ಡ್ ಎಂಬ ಯುವ ಶಸ್ತ್ರವೈದ್ಯ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ 12 ಹಾಸಿಗೆಗಳ ಆಸ್ಪತ್ರೆ ಕಟ್ಟಿದ. ಕೊಲರಾಡೊ ನದಿಯ ನೀರನ್ನು ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಒಯ್ಯುವ ಕಾಲುವೆಯ ಕೆಲಸಗಾರರೇ ಅವನ ರೋಗಿಗಳು. ವಿಮಾ ಕಂಪನಿಗಳು ಹಣ ಕೊಡಲು ತಡಮಾಡುತ್ತಿದ್ದುದರಿಂದ ಆಸ್ಪತ್ರೆ ಮುಚ್ಚುವ ಸ್ಥಿತಿಗೆ ಬಂತು. ಆಗ ಪ್ರತಿ ಕೆಲಸಗಾರನ ಲೆಕ್ಕದಲ್ಲಿ ದಿನಕ್ಕೆ 5 ಸೆಂಟ್ ಮುಂಗಡವಾಗಿ ಪಡೆಯುವ ಏರ್ಪಾಡಾಯಿತು. ಕೆಲಸಕ್ಕೆ ಸಂಬಂಧಿಸದ ಕಾಯಿಲೆಗೂ ಚಿಕಿತ್ಸೆ ಬಯಸಿದವರು ತಮ್ಮ ಕೂಲಿಯಿಂದ ಇನ್ನೂ 5 ಸೆಂಟ್ ಕಟ್ಟಬಹುದಿತ್ತು.

ಈ ಬದಲಾವಣೆಯಿಂದ ಆಸ್ಪತ್ರೆಯ ಲೆಕ್ಕಾಚಾರವೇ ತಿರುವುಮುರುವಾಯಿತು. ಗಾಯಾಳುಗಳು ಕಡಿಮೆಯಾದಷ್ಟೂ ಆಸ್ಪತ್ರೆಗೆ ಹಣ ಉಳಿಯತೊಡಗಿತು. ಕಾಲಿಗೆ ಮೊಳೆ ಚುಚ್ಚಿಕೊಂಡು ಬರುವವರನ್ನು ಕಂಡ ಗಾರ್‌ಫೀಲ್ಡ್, ಕೆಲಸದ ಜಾಗದಲ್ಲಿ ಬಿದ್ದ ಮೊಳೆಗಳನ್ನು ತೆಗೆಸುವುದಕ್ಕೆ ಮುಂದಾದ. 1938ರಲ್ಲಿ ಗ್ರ್ಯಾಂಡ್ ಕೂಲಿ ಅಣೆಕಟ್ಟಿನಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಉದ್ಯಮಿ ಹೆನ್ರಿ ಕೈಸರ್‌ನ ಹಡಗುಕಟ್ಟೆಗಳಲ್ಲಿ ಇದೇ ಪದ್ಧತಿ ಬೆಳೆಯಿತು. 1945ರಲ್ಲಿ ಸಾರ್ವಜನಿಕರಿಗೂ ತೆರೆದುಕೊಂಡ ಈ ಯೋಜನೆಯೇ ಇಂದಿನ ಕೈಸರ್ ಪರ್ಮನೆಂಟೆ ಆರೋಗ್ಯ ಸಂಸ್ಥೆ. 1951ರಲ್ಲಿ ಇದೇ ಸಂಸ್ಥೆಯ ವೈದ್ಯ ಮಾರಿಸ್ ಕಾಲೆನ್, ಬಂದರು ಕಾರ್ಮಿಕರ ಸಂಘದ ಸದಸ್ಯರಿಗಾಗಿ ಹಲವು ಪರೀಕ್ಷೆಗಳನ್ನು ಒಂದೇ ಸಲಕ್ಕೆ ಮುಗಿಸುವ ಸಾಮೂಹಿಕ ತಪಾಸಣೆ ನಡೆಸಿದ.

ಕಾನೂನು ಮತ್ತು ಕಂಪನಿಗಳು

1942ರಲ್ಲಿ ಯುದ್ಧಕಾಲದ ಸರ್ಕಾರ ವೇತನ ಏರಿಕೆಗೆ ಕಡಿವಾಣ ಹಾಕಿತು. ವಿಮೆಯ ಸೌಲಭ್ಯಕ್ಕೆ ಆ ಮಿತಿ ಅನ್ವಯಿಸದ ಕಾರಣ ಕಂಪನಿಗಳು ಅದನ್ನೇ ತೋರಿಸಿ ಕೆಲಸಗಾರರನ್ನು ಸೆಳೆದವು. ಉದ್ಯೋಗದಾತರು ಕಟ್ಟುವ ವಿಮಾ ಕಂತಿಗೆ ನೌಕರರು ತೆರಿಗೆ ಕೊಡಬೇಕಿಲ್ಲವೆಂದು 1954ರ ತೆರಿಗೆ ಸಂಹಿತೆ ಖಚಿತಪಡಿಸಿತು. ನೌಕರರ ಸೌಲಭ್ಯಗಳಿಗೆ ಸಂಬಂಧಿಸಿದ 1974ರ ಎರಿಸಾ ಕಾಯ್ದೆಯ ನಂತರ ದೊಡ್ಡ ಕಂಪನಿಗಳು ನೌಕರರ ಚಿಕಿತ್ಸಾ ವೆಚ್ಚವನ್ನು ತಾವೇ ನೇರವಾಗಿ ಭರಿಸುವುದು ಹೆಚ್ಚಿತು. ನೌಕರರ ಆರೋಗ್ಯ ಕೆಟ್ಟರೆ ತಮ್ಮ ಖಜಾನೆಗೇ ಪೆಟ್ಟು ಎಂಬುದು ಆಡಳಿತ ಮಂಡಳಿಗಳಿಗೆ ಮನವರಿಕೆಯಾಯಿತು.

1970ರ ದಶಕದ ಕೊನೆಯಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಆರಂಭಿಸಿದ ‘ಲಿವ್ ಫಾರ್ ಲೈಫ್’ ವ್ಯಾಯಾಮ, ಆಹಾರ, ಒತ್ತಡ ನಿರ್ವಹಣೆ ಹಾಗೂ ಧೂಮಪಾನ ತ್ಯಾಗವನ್ನು ಒಟ್ಟುಗೂಡಿಸಿ ಇತರರಿಗೆ ಮಾದರಿಯಾಯಿತು. 2010ರ ಅಫೋರ್ಡಬಲ್ ಕೇರ್ ಕಾಯ್ದೆ, ನಿಗದಿತ ತಪಾಸಣೆ ಮತ್ತು ಲಸಿಕೆಗಳಿಗೆ ನೌಕರರಿಂದ ಹಣ ಪಡೆಯಬಾರದೆಂದು ಹೆಚ್ಚಿನ ವಿಮಾ ಯೋಜನೆಗಳಿಗೆ ಕಟ್ಟುಮಾಡಿತು. ಆರೋಗ್ಯದ ಗುರಿ ಮುಟ್ಟಿದವರಿಗೆ ಕೊಡುವ ಪ್ರೋತ್ಸಾಹಧನದ ಮಿತಿಯನ್ನು ವಿಮಾ ವೆಚ್ಚದ ಶೇ. 20ರಿಂದ 30ಕ್ಕೆ ಏರಿಸಲಾಯಿತು. ತಂಬಾಕು ತ್ಯಾಗಕ್ಕೆ ಈ ಮಿತಿ ಶೇ. 50.

ಉಳಿತಾಯದ ವಿವಾದ

ಸಂಶೋಧಕರಾದ ಕ್ಯಾಥರಿನ್ ಬೇಕರ್, ಡೇವಿಡ್ ಕಟ್ಲರ್ ಮತ್ತು ಜಿರುಯಿ ಸಾಂಗ್ ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಮಾಡಿದ ಅಂದಾಜಿನ ಪ್ರಕಾರ, ಇಂಥ ಕಾರ್ಯಕ್ರಮಕ್ಕೆ ಖರ್ಚಾಗುವ ಪ್ರತಿ ಡಾಲರಿಗೆ ವೈದ್ಯಕೀಯ ವೆಚ್ಚದಲ್ಲಿ ಸುಮಾರು 3.27 ಡಾಲರ್ ಉಳಿಯುತ್ತಿತ್ತು. ಈ ಅಂಕಿ ಉದ್ಯಮದ ತುಂಬ ಹರಡಿತು. ಬೇಕರ್ ಮತ್ತು ಸಾಂಗ್ ಮುಂದೆ ಚಿಲ್ಲರೆ ವ್ಯಾಪಾರ ಸಂಸ್ಥೆಯಾದ ಬಿಜೆಸ್ ಹೋಲ್‌ಸೇಲ್ ಕ್ಲಬ್‌ನ 160 ಕೇಂದ್ರಗಳ ಸುಮಾರು 33,000 ನೌಕರರ ನಡುವೆ ಯಾದೃಚ್ಛಿಕ ಪ್ರಯೋಗ ನಡೆಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, 18 ತಿಂಗಳ ನಂತರ ವ್ಯಾಯಾಮ ಮಾಡುತ್ತೇವೆ ಎಂದವರು ಹೆಚ್ಚಿದ್ದರೂ ವೆಚ್ಚದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಸುಮಾರು 4,800 ನೌಕರರ ಮೇಲಿನ ಅಧ್ಯಯನವೂ ವೆಚ್ಚದ ಬಗ್ಗೆ ಇದನ್ನೇ ಹೇಳಿತು. ಮೊದಲೇ ಕಡಿಮೆ ವೆಚ್ಚವಿದ್ದ ನೌಕರರು ಇಂಥ ಕಾರ್ಯಕ್ರಮಗಳಿಗೆ ಹೆಚ್ಚಾಗಿ ಸೇರುತ್ತಾರೆ, ಹಳೆಯ ಹೋಲಿಕೆಗಳು ಆ ವ್ಯತ್ಯಾಸವನ್ನೇ ಉಳಿತಾಯವೆಂದು ಎಣಿಸಿರಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು.

ಭಾರತದಲ್ಲಿ

ಅಮೆರಿಕಕ್ಕೆ ಹೋಲಿಸಿದರೆ, ಭಾರತದಲ್ಲಿ ಕಾರ್ಮಿಕರ ಆರೋಗ್ಯದ ಹೊಣೆಯನ್ನು ಕಾನೂನೇ ಹಂಚಿತು. 1948ರ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆಯ ಯೋಜನೆ 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಜಾರಿಗೆ ಬಂತು. ಮಾಲೀಕರು ಮತ್ತು ಕಾರ್ಮಿಕರು ಇಬ್ಬರೂ ವಂತಿಗೆ ಕಟ್ಟುವ ಈ ಯೋಜನೆ ಮುಂದೆ ಕರ್ನಾಟಕದ ಕೈಗಾರಿಕಾ ಕಾರ್ಮಿಕರನ್ನೂ ಒಳಗೊಂಡಿತು.

ಮೌಲ್ಯಮಾಪನ

ಮುಂಜಾಗ್ರತೆಯ ಕ್ರಮಗಳಲ್ಲಿ ಹಣ ಉಳಿಸುವಂಥವು ಕೆಲವು ಮಾತ್ರ. ಉಳಿದವುಗಳಿಗೆ ಖರ್ಚಾಗುತ್ತದೆ, ಆ ಖರ್ಚಿಗೆ ಪ್ರತಿಯಾಗಿ ಆರೋಗ್ಯ ದೊರೆಯುತ್ತದೆ. ರಕ್ತದೊತ್ತಡವನ್ನು ಹತೋಟಿಯಲ್ಲಿಟ್ಟು ಪಾರ್ಶ್ವವಾಯು ತಡೆಯುವುದು ಕಂಪನಿಯ ಲಾಭನಷ್ಟದ ಪಟ್ಟಿಯಲ್ಲಿ ಕಾಣದಿದ್ದರೂ ಸಾರ್ಥಕವಾದ ಕೆಲಸ. ಬಹುಮಾನ, ದಂಡಗಳಿಂದ ನೌಕರರ ಅಭ್ಯಾಸ ತಿದ್ದುವುದಕ್ಕಿಂತ ಕೆಲಸದ ಜಾಗದಲ್ಲಿರುವ ಅಪಾಯವನ್ನೇ ತೆಗೆಯುವುದು ಉದ್ಯೋಗದಾತರ ಮೊದಲ ಕರ್ತವ್ಯ.